ಸೆಕೆಂಡ್ ಹ್ಯಾಂಡ್ ಕಾರು: ಮೊದಲು ಎಂಜಿನ್ ಗೊತ್ತುಮಾಡಿ, ಬಣ್ಣ ಆಮೇಲೆ

ಹಳೆಯ ಕಾರು ನೋಡಲು ಹೋದವರ ಕಣ್ಣು ಮೊದಲು ಹೋಗುವುದು ಪೇಂಟಿನ ಮೇಲೆ, ಆಮೇಲೆ ಮೀಟರಿನ ಮೇಲೆ. ಬಾನೆಟ್ ಎತ್ತಿಸುವುದು ಕೊನೆಗೆ, ಅದೂ ಶಾಸ್ತ್ರಕ್ಕೆ. ಈ ಕ್ರಮವನ್ನು ತಿರುಗಿಸಬೇಕು. ಸೀಟ್ ಕವರು, ಟೈರು, ಬ್ಯಾಟರಿ, ಬಂಪರು ಯಾವಾಗ ಬೇಕಾದರೂ ಬದಲಾಗುತ್ತವೆ. ಎಂಜಿನ್ ಬಿಚ್ಚಿಸುವ ಹೊತ್ತು ಬಂದರೆ ಹಳೆಯ ಕಾರು ಕೊಂಡು ಉಳಿಸಿದ ದುಡ್ಡೆಲ್ಲ ಗ್ಯಾರೇಜಿಗೆ ಹೋಗುತ್ತದೆ. ಅಲ್ಲದೆ ನಮ್ಮಲ್ಲಿ ಒಂದೇ ಎಂಜಿನ್ ಹಲವು ಕಾರುಗಳಲ್ಲಿ ಕೂತಿದೆ. ಎಂಜಿನ್ ಯಾವುದೆಂದು ನಿಶ್ಚಯವಾದರೆ ನೋಡಬೇಕಾದ ಕಾರುಗಳ ಪಟ್ಟಿ ತಾನಾಗಿ ಚಿಕ್ಕದಾಗುತ್ತದೆ.

1. ತಿಂಗಳ ಓಟ ಬರೆದುಕೊಳ್ಳಿ

ಡೀಸೆಲ್ ಎಂದರೆ ಉಳಿತಾಯ ಎಂಬ ಮಾತು ಎಲ್ಲ ಮನೆಗೂ ಹೊಂದುವುದಿಲ್ಲ. ಲೀಟರಿಗೆ ಪೆಟ್ರೋಲ್ 103 ರೂಪಾಯಿ, ಡೀಸೆಲ್ 91 ರೂಪಾಯಿ ಎಂದಿಟ್ಟುಕೊಳ್ಳಿ. ಊರೊಳಗೆ, ಹೈವೇಯಲ್ಲಿ ಬೆರೆತ ಓಟಕ್ಕೆ ಪೆಟ್ರೋಲ್ ಕಾರು 14 ಕಿ.ಮೀ., ಅದೇ ಗಾತ್ರದ ಡೀಸೆಲ್ ಕಾರು 18 ಕಿ.ಮೀ. ಮೈಲೇಜ್ ಕೊಟ್ಟರೆ ಕಿಲೋಮೀಟರಿಗೆ ತಗಲುವ ಖರ್ಚು ಕ್ರಮವಾಗಿ 7.36 ಮತ್ತು 5.06 ರೂಪಾಯಿ. ಉಳಿಯುವುದು 2.30 ರೂಪಾಯಿ.

ವರ್ಷಕ್ಕೆ 8,000 ಕಿ.ಮೀ. ಓಡಿಸುವ ಮನೆಗೆ ಇದು 18,400 ರೂಪಾಯಿ. ಡೀಸೆಲ್ ಕಾರಿನ ಸರ್ವಿಸಿಗೆ 8,000 ಹೆಚ್ಚು ಹಿಡಿದರೆ ಕೈಯಲ್ಲಿ ನಿಲ್ಲುವುದು 10,400. ಕೊಳ್ಳುವಾಗ ಡೀಸೆಲಿಗೆಂದು ಒಂದು ಲಕ್ಷ ಹೆಚ್ಚು ಕೊಟ್ಟಿದ್ದರೆ ಅದು ವಾಪಸ್ ಬರಲು ಒಂಬತ್ತೂವರೆ ವರ್ಷ ಬೇಕು. ಅಷ್ಟರಲ್ಲಿ ಒಂದು ಇಂಜೆಕ್ಟರ್ (ಎಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ಭಾಗ) ಕೈಕೊಟ್ಟರೂ ಲೆಕ್ಕ ಬುಡಮೇಲು. ಅದೇ ವರ್ಷಕ್ಕೆ 20,000 ಕಿ.ಮೀ. ಓಡಿಸುವವರಿಗೆ ಉಳಿಯುವುದು 46,000. ಸರ್ವಿಸಿಗೆ 12,000 ಕಳೆದರೂ ಮೂರು ವರ್ಷದಲ್ಲಿ ಆ ಲಕ್ಷ ತೀರುತ್ತದೆ. ನಿಮ್ಮ ಊರಿನ ದರ, ನಿಮ್ಮ ಓಟ ಹಾಕಿ ಇದೇ ಲೆಕ್ಕ ಮಾಡಿ. ತಿಂಗಳಿಗೆ 1,000 ಕಿ.ಮೀ. ಒಳಗಿದ್ದರೆ ಡೀಸೆಲ್ ಯೋಚನೆ ಬಿಡಿ. 1,500 ದಾಟಿದರೆ ಡೀಸೆಲ್ ಅಥವಾ ಸಿಎನ್‌ಜಿ ನೋಡಿ. ನಡುವೆ ಇದ್ದರೆ ಮುಂದಿನ ಹಂತವೇ ತೀರ್ಮಾನಿಸುತ್ತದೆ.

2. ಎಂಥ ಓಟ ಎಂಬುದನ್ನೂ ನೋಡಿ

2020ರ ಏಪ್ರಿಲ್‌ನಿಂದ ಬಂದ, ಬಿಎಸ್ 6 ಎಂಬ ಹೊಗೆ ನಿಯಮಕ್ಕೆ ತಕ್ಕ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯಲು ಡಿಪಿಎಫ್ ಎಂಬ ಫಿಲ್ಟರ್ ಇದೆ. ತುಂಬಿದ ಮಸಿಯನ್ನು ಅದು ತಾನೇ ಸುಟ್ಟುಕೊಳ್ಳಬೇಕು. ಅದಕ್ಕೆ ಸೈಲೆನ್ಸರ್ ಪೈಪು ಚೆನ್ನಾಗಿ ಬಿಸಿಯಾಗಬೇಕು, ಅಂದರೆ ಕಾರು ನಿಲ್ಲದೆ 15–20 ನಿಮಿಷ ಹೈವೇ ವೇಗದಲ್ಲಿ ಓಡಬೇಕು. ಮಕ್ಕಳನ್ನು ಮೂರು ಕಿ.ಮೀ. ದೂರದ ಶಾಲೆಗೆ ಬಿಟ್ಟು, ತರಕಾರಿ ತಂದು ನಿಲ್ಲಿಸುವ ಕಾರಿಗೆ ಆ ಅವಕಾಶವೇ ಸಿಗದು. ಮಸಿ ಸುಡುವ ಕೆಲಸ ಅರ್ಧಕ್ಕೆ ನಿಂತು, ಅದಕ್ಕೆಂದು ಹೆಚ್ಚುವರಿಯಾಗಿ ಚಿಮ್ಮಿಸಿದ ಡೀಸೆಲ್ ಎಂಜಿನ್ ಆಯಿಲ್‌ಗೆ ಇಳಿಯುತ್ತದೆ. ಆಯಿಲ್ ತೆಳ್ಳಗಾಗುತ್ತದೆ, ಆಯಿಲ್ ಅಳೆಯುವ ಕಡ್ಡಿಯಾದ ಡಿಪ್ ಸ್ಟಿಕ್‌ನಲ್ಲಿ ಮಟ್ಟ ಏರುತ್ತದೆ. ಇಂಥ ಮನೆಗೆ ಬಿಎಸ್ 6 ಡೀಸೆಲ್ ಬೇಡವೇ ಬೇಡ, ಎಷ್ಟೇ ಕಡಿಮೆಗೆ ಬಂದರೂ.

ಘಟ್ಟದ ಓಟ ಬೇರೆ. ಐದು ಜನ, ಡಿಕ್ಕಿ ತುಂಬ ಸಾಮಾನು, ಎಸಿ ಹಾಕಿಕೊಂಡು ಚಾರ್ಮಾಡಿ ಹತ್ತುವಾಗ ಬೇಕಾಗುವುದು ಎಂಜಿನ್ ನಿಮಿಷಕ್ಕೆ ಕಡಿಮೆ ಸುತ್ತುವಾಗಲೂ, ಅಂದರೆ ಕಡಿಮೆ ಆರ್‌ಪಿಎಂನಲ್ಲಿ ಎಳೆಯುವ ಶಕ್ತಿ. ಸ್ವಿಫ್ಟ್ ಡೀಸೆಲ್‌ನ 1.3 ಲೀಟರ್ ಎಂಜಿನ್ 2,000 ಆರ್‌ಪಿಎಂನಲ್ಲೇ 190 ಎನ್‌ಎಂ ಟಾರ್ಕ್ ಕೊಡುತ್ತದೆ. ಅದೇ ಕಾರಿನ 1.2 ಪೆಟ್ರೋಲ್ ಕೊಡುವುದು 115ರ ಆಸುಪಾಸು, ಅದೂ 4,000ದ ಮೇಲೆ. ಪೆಟ್ರೋಲ್ ಕಾರು ಹತ್ತುವುದಿಲ್ಲವೆಂದಲ್ಲ, ಎರಡನೇ ಗೇರಿನಲ್ಲಿ ಕೂಗಿಸಿಕೊಂಡು ಹತ್ತಬೇಕು. ವರ್ಷಕ್ಕೆರಡು ಸಲ ಊರಿಗೆ ಹೋಗುವವರಿಗೆ ಅದು ದೊಡ್ಡ ಕಷ್ಟವಲ್ಲ. 1.0 ಲೀಟರ್‌ನ ಮೂರು ಸಿಲಿಂಡರ್ ಕಾರುಗಳು ನಾಲ್ಕು ಜನರ ನಗರದ ಸಂಸಾರಕ್ಕೆ ಸಾಕು, ವಾರವಾರ ಘಾಟಿ ಹತ್ತುವವರಿಗೆ ಸಾಲದು.

3. ಹೆಸರಿಗಿಂತ ಒಳಗಿನ ಕಟ್ಟು ಮುಖ್ಯ

ತಲೆನೋವು ಕಡಿಮೆ ಇರಬೇಕೆನ್ನುವ ಕುಟುಂಬಕ್ಕೆ ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಭಾಗ) ಇಲ್ಲದ, ನಾಲ್ಕು ಸಿಲಿಂಡರಿನ 1.2 ಪೆಟ್ರೋಲ್ ಎಂಜಿನ್‌ಗಿಂತ ಒಳ್ಳೆಯ ಆಯ್ಕೆ ಇಲ್ಲ. 2020ರ ದಶಕದ ಆರಂಭದವರೆಗಿನ ಸ್ವಿಫ್ಟ್, ಡಿಸೈರ್, ಬಲೆನೊಗಳಲ್ಲಿರುವ ಮಾರುತಿ ಕೆ ಸೀರೀಸ್, ಐ10 ಮತ್ತು ಐ20ಯಲ್ಲಿರುವ ಹ್ಯುಂಡೈ ಕಪ್ಪಾ, ಅಮೇಜ್ ಮತ್ತು ಜಾಝ್‌ನ ಹೋಂಡಾ ಐ-ವಿಟೆಕ್ ಮೂರೂ ಈ ಗುಂಪಿನವು. ಮೂರರಲ್ಲೂ ಟೈಮಿಂಗ್ ಚೈನ್ ಇದೆ, ಬಿಡಿಭಾಗ ಸುಲಭವಾಗಿ ಸಿಗುತ್ತದೆ, ಸಣ್ಣ ಊರಿನ ಮೆಕ್ಯಾನಿಕ್‌ಗೂ ಕೈಪರಿಚಯ. ಏಳು ಜನ ಕೂರಬೇಕಾದರೆ 2018ರ ನಂತರದ ಎರ್ಟಿಗಾದ 1.5 ಪೆಟ್ರೋಲ್ ಇದೇ ಜಾಯಮಾನದ್ದು.

ಚೈನ್, ಬೆಲ್ಟ್ ವಿಚಾರ ಬಿಡಿಸಿ ಹೇಳಬೇಕು. ಪಿಸ್ಟನ್‌ಗಳಿಗೆ ಜೋಡಿಸಿದ ಕ್ರ್ಯಾಂಕ್ ಮತ್ತು ವಾಲ್ವ್ ತೆರೆಯುವ ಕ್ಯಾಮ್ ಹೆಜ್ಜೆ ತಪ್ಪದಂತೆ ತಿರುಗಿಸುವುದು ಇವೇ. ಬೆಲ್ಟ್ ರಬ್ಬರಿನದು, ಅದಕ್ಕೆ ಆಯಸ್ಸಿದೆ. ಕಿಲೋಮೀಟರ್ ಅಥವಾ ವರ್ಷ, ಯಾವುದು ಮೊದಲೋ ಆಗ ಬದಲಿಸಬೇಕು. ಬಹುಪಾಲು ಎಂಜಿನ್‌ಗಳಲ್ಲಿ ಬೆಲ್ಟ್ ತುಂಡಾದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಬಾಗುತ್ತವೆ, ಎಂಜಿನ್‌ನ ಮೇಲ್ಭಾಗವಾದ ಹೆಡ್ ಕೆಳಗಿಳಿಸಲೇಬೇಕು. ರೆನೋ ಡಸ್ಟರ್, ನಿಸಾನ್ ಟೆರಾನೊಗಳ 1.5 ಡೀಸೆಲ್, ಫೋಕ್ಸ್‌ವ್ಯಾಗನ್ ಪೋಲೊ, ವೆಂಟೊಗಳ 1.5 ಟಿಡಿಐ, ಫೋರ್ಡ್ ಇಕೋಸ್ಪೋರ್ಟ್‌ನ 1.5 ಟಿಡಿಸಿಐ, ಹಳೆಯ ಇನೋವಾದ 2.5 ಡಿ-4ಡಿ ಎಲ್ಲವೂ ಬೆಲ್ಟಿನವು. ಪೆಟ್ರೋಲ್‌ನಲ್ಲಿ ಆಲ್ಟೊ 800, ಸ್ಯಾಂಟ್ರೊ ಝಿಂಗ್. ಇವು ಕೆಟ್ಟ ಎಂಜಿನ್‌ಗಳಲ್ಲ; ಇನೋವಾದ್ದಂತೂ ಲಕ್ಷಗಟ್ಟಲೆ ಓಡುವ ಗಟ್ಟಿ ಜೀವ. ಆದರೆ ಬೆಲ್ಟ್ ಬದಲಿಸಿದ ಬಿಲ್ ಕೇಳಿ. "ಹೋದ ವರ್ಷ ಮಾಡಿಸಿದ್ದೀವಿ ಸಾರ್" ಎಂಬ ಬಾಯಿಮಾತು ಬಿಲ್ ಅಲ್ಲ. ಬಿಲ್ ಇಲ್ಲವಾದರೆ ಬೆಲ್ಟ್, ಅದನ್ನು ಬಿಗಿಯಾಗಿಡುವ ಟೆನ್ಷನರ್, ದಾರಿಯಲ್ಲಿಡುವ ಐಡ್ಲರ್ ಚಕ್ರ, ಬೆಲ್ಟ್ ತಿರುಗಿಸುವ ವಾಟರ್ ಪಂಪ್ ಇದ್ದರೆ ಅದೂ ಸೇರಿ ಪೂರ್ತಿ ಸೆಟ್ಟಿನ ಖರ್ಚನ್ನು ಬೆಲೆಯಲ್ಲಿ ಮುರಿಯಿರಿ.

ಚೈನ್‌ಗೆ ಆಯಸ್ಸಿನ ಗಡುವಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಫಿಯೆಟ್‌ನ 1.3 ಮಲ್ಟಿಜೆಟ್ ಎಂಜಿನ್ ಮಾರುತಿಯಲ್ಲಿ ಡಿಡಿಐಎಸ್, ಟಾಟಾದಲ್ಲಿ ಕ್ವಾಡ್ರಾಜೆಟ್ ಎಂಬ ಹೆಸರಲ್ಲಿ ಸ್ವಿಫ್ಟ್, ಎರ್ಟಿಗಾ, ಬ್ರೆಝಾ, ಝೆಸ್ಟ್‌ವರೆಗೆ ಹರಡಿತ್ತು. 2020ರಲ್ಲಿ ಮಾರುತಿ ಡೀಸೆಲ್ ನಿಲ್ಲಿಸಿತು. ಒಳ್ಳೆಯ ಎಂಜಿನ್, ಆದರೆ ಆಯಿಲ್ ಬದಲಿಸುವುದನ್ನು ಮುಂದೂಡಿದರೆ ಇದರ ಚೈನ್ ಸಡಿಲವಾಗುತ್ತದೆ. ಚೈನ್ ಟೆನ್ಷನರ್ ನಡೆಯುವುದೇ ಆಯಿಲ್ ಒತ್ತಡದಿಂದ. ಆದ್ದರಿಂದ ಚೈನ್ ಇರುವ ಹಳೆಯ ಕಾರಿನಲ್ಲಿ ಸರ್ವಿಸ್ ದಾಖಲೆ ಬೆಲ್ಟಿನ ಬಿಲ್ಲಿನಷ್ಟೇ ಬೆಲೆಯುಳ್ಳದ್ದು.

ಸಣ್ಣ ಟರ್ಬೊ ಪೆಟ್ರೋಲ್‌ಗಳು ಓಡಿಸಲು ಖುಷಿ. ಮೂರನೇ ಕೈಗೆ ಬಂದವನ್ನು ಕೊಳ್ಳಲು ಧೈರ್ಯ ಬೇಕು: ಟರ್ಬೊ ಬದುಕುವುದು ಸರಿಯಾದ ದರ್ಜೆಯ ಆಯಿಲ್ ಮೇಲೆ, ಪೆಟ್ರೋಲನ್ನು ನೇರ ಸಿಲಿಂಡರಿಗೆ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ ಇರುವವುಗಳಲ್ಲಿ ಇನ್‌ಟೇಕ್ ವಾಲ್ವ್ ಮೇಲೆ ಕಾರ್ಬನ್ ಕಟ್ಟುತ್ತದೆ.

ಸಿಎನ್‌ಜಿ ಆದರೆ ಕಂಪನಿ ಫಿಟ್ಟಿಂಗ್ ಮಾತ್ರ. ಆರ್‌ಸಿಯಲ್ಲಿ ಇಂಧನ ಪೆಟ್ರೋಲ್/ಸಿಎನ್‌ಜಿ ಎಂದಿರಬೇಕು, ಗ್ಯಾಸ್ ಸಿಲಿಂಡರ್ ಒತ್ತಡ ತಡೆಯುತ್ತದೆಯೇ ಎಂದು ನೋಡುವ ಹೈಡ್ರೋ ಟೆಸ್ಟ್ ಮೂರು ವರ್ಷದೊಳಗಿನದಾಗಿರಬೇಕು. ಎರ್ಟಿಗಾದಲ್ಲಿ ಪೆಟ್ರೋಲ್‌ಗೆ 103 ಪಿಎಸ್ ಇರುವ ಶಕ್ತಿ ಸಿಎನ್‌ಜಿಯಲ್ಲಿ 88ಕ್ಕೆ ಇಳಿಯುತ್ತದೆ ಎಂಬುದೂ ಗೊತ್ತಿರಲಿ.

ಇನ್ನು ಇ20, ಅಂದರೆ ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲ್. 2023ರ ಏಪ್ರಿಲ್‌ಗಿಂತ ಹಿಂದಿನ ಬಹುಪಾಲು ಕಾರುಗಳನ್ನು ಶೇ 20 ಎಥೆನಾಲ್‌ಗೆ ಲೆಕ್ಕಹಾಕಿ ಮಾಡಿಲ್ಲ. ಎಥೆನಾಲ್‌ನಲ್ಲಿ ಶಕ್ತಿ ಕಡಿಮೆ, ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯುತ್ತದೆ. ಹತ್ತು ವರ್ಷ ದಾಟಿದ ಕಾರಿನಲ್ಲಿ ಫ್ಯೂಯೆಲ್ ಪೈಪು, ರಬ್ಬರ್ ಸೀಲು ಬಿರಿದಿವೆಯೇ, ಪೆಟ್ರೋಲ್ ವಾಸನೆ ಬರುತ್ತದೆಯೇ ಎಂದು ನೋಡಿ.

4. ತಣ್ಣಗಿರುವ ಎಂಜಿನ್ ನೋಡಿ

"ನಾವು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ" ಎಂದು ಹೇಳಿಯೇ ಹೋಗಿ, ಬೆಳಗ್ಗೆಯೇ ಹೋಗಿ. ಬಾನೆಟ್ ಮುಟ್ಟಿ, ಬೆಚ್ಚಗಿದ್ದರೆ ಏನನ್ನೋ ಮುಚ್ಚಿಡಲು ಮೊದಲೇ ಓಡಿಸಿಟ್ಟಿರಬಹುದು. ಇನ್ನೊಂದು ದಿನ ಬರುತ್ತೇವೆಂದು ಹೊರಡಿ.

ಮೊದಲು ಡಿಪ್ ಸ್ಟಿಕ್. ಡೀಸೆಲ್ ಎಂಜಿನ್ ಆಯಿಲ್ ಕಪ್ಪಗಿರುವುದು ಸಹಜ, ಹೆದರಬೇಕಿಲ್ಲ. ಹೆದರಬೇಕಾದದ್ದು ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ: ಎಂಜಿನ್ ತಣ್ಣಗಿಡುವ ಕೂಲೆಂಟ್ ಒಳಗೆ ಸೇರಿದೆ, ಹೆಡ್ ಗ್ಯಾಸ್ಕೆಟ್ ಹೋಗಿರಬಹುದು ಎಂದರ್ಥ. ಆಯಿಲ್ ಹಾಕುವ ಮುಚ್ಚಳ ತೆಗೆದು ಒಳಗೆ ಟಾರಿನಂಥ ಗಸಿ ಇದೆಯೇ ನೋಡಿ. ಇದ್ದರೆ ಸರ್ವಿಸ್ ದಾಖಲೆ ಏನೇ ಹೇಳಲಿ, ಆಯಿಲ್ ಹೊತ್ತಿಗೆ ಬದಲಾಗಿಲ್ಲ. ಕೂಲೆಂಟ್ ಡಬ್ಬಿಯಲ್ಲಿ ಹಸಿರು, ಕೆಂಪು ಅಥವಾ ನೀಲಿ ದ್ರವ ಇರಬೇಕು. ತುಕ್ಕು ನೀರಿದ್ದರೆ ನಲ್ಲಿ ನೀರು ಹಾಕಿ ಓಡಿಸಿದ್ದಾರೆ. ರೇಡಿಯೇಟರ್ ಒಳಗಿಂದ ಕೊರೆದಿರುತ್ತದೆ.

ಈಗ ಕೀ ಆನ್ ಮಾಡಿ, ಸ್ಟಾರ್ಟ್ ಬೇಡ. ಚೆಕ್ ಎಂಜಿನ್ ಲೈಟ್ ಉರಿಯಲೇಬೇಕು. ಉರಿಯದಿದ್ದರೆ ಅದನ್ನು ಯಾರೋ ಸುಮ್ಮನಾಗಿಸಿರಬಹುದು. ಸ್ಟಾರ್ಟ್ ಆದ ಮೇಲೆ ಆರಬೇಕು.

ಸ್ಟಾರ್ಟ್ ಮಾಡುವಾಗ ಒಬ್ಬರು ಎಂಜಿನ್ ಬಳಿ, ಒಬ್ಬರು ಸೈಲೆನ್ಸರ್ ಹಿಂದೆ ನಿಲ್ಲಿ. ಒಂದೆರಡು ಸೆಕೆಂಡ್ ಚೈನ್ ಸದ್ದು ಬಂದು ನಿಂತರೆ ಸರಿ. ಗಲಗಲ ನಿಲ್ಲದಿದ್ದರೆ ಚೈನ್ ಸೆಟ್ ಕೆಲಸ ಕಾದಿದೆ. ಹೊಗೆಯ ಬಣ್ಣ ನೋಡಿ. ನೀಲಿ ಹೊಗೆ ಎಂದರೆ ಆಯಿಲ್ ಕುಡಿಯುತ್ತಿದೆ: ಸ್ಟಾರ್ಟ್ ಮಾಡಿದಾಗ ಮಾತ್ರ ಬಂದರೆ ವಾಲ್ವ್ ಸೀಲ್, ರೇಸ್ ಮಾಡಿದಾಗಲೆಲ್ಲ ಬಂದರೆ ಪಿಸ್ಟನ್ ರಿಂಗ್ ಅಥವಾ ಟರ್ಬೊ. ಮಡಿಕೇರಿಯ ಚಳಿಯಲ್ಲಿ ಬಿಳಿ ಹಬೆ ಬಂದು ಕರಗಿದರೆ ಏನೂ ಅಲ್ಲ, ಎಂಜಿನ್ ಬಿಸಿಯಾದ ಮೇಲೂ ಸಿಹಿ ವಾಸನೆಯ ಬಿಳಿ ಹೊಗೆ ಬಂದರೆ ಕೂಲೆಂಟ್ ಸುಡುತ್ತಿದೆ. ಡೀಸೆಲ್‌ನ ದಟ್ಟ ಕಪ್ಪು ಹೊಗೆಗೆ ಕಾರಣ ಹಲವು: ಏರ್ ಫಿಲ್ಟರ್ ಕಟ್ಟಿರಬಹುದು, ಟರ್ಬೊ ಹೋಸ್ ಬಿರಿದಿರಬಹುದು, ಹೊಗೆಯ ಒಂದು ಪಾಲನ್ನು ಎಂಜಿನ್‌ಗೆ ಮರಳಿಸುವ ಇಜಿಆರ್ ವಾಲ್ವ್ ಸಿಕ್ಕಿಕೊಂಡಿರಬಹುದು, ಇಂಜೆಕ್ಟರ್ ಸೋರಬಹುದು. ಮೊದಲೆರಡು ಅಗ್ಗ, ಕೊನೆಯದು ದುಬಾರಿ.

ಐಡ್ಲಿಂಗ್‌ನಲ್ಲಿ ಆಯಿಲ್ ಮುಚ್ಚಳವನ್ನು ತಿರುಗಿಸಿ ತೆಗೆದು ರಂಧ್ರದ ಮೇಲೆ ಸುಮ್ಮನೆ ಇಡಿ. ಸ್ವಲ್ಪ ಅಲುಗಾಡಿದರೆ ಚಿಂತೆಯಿಲ್ಲ. ಎಗರಿ ಬಿದ್ದರೆ, ಹೊಗೆ ಬುಸುಗುಟ್ಟಿದರೆ ರಿಂಗ್ ಸವೆದಿದೆ. ಅನುಮಾನ ಬಂದರೆ ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಪೆಟ್ರೋಲ್ ಎಂಜಿನ್‌ನಲ್ಲಿ ಸಾಮಾನ್ಯವಾಗಿ 170–200 ಪಿಎಸ್‌ಐ ಬರುತ್ತದೆ. ಅಂಕಿಗಿಂತ ಮುಖ್ಯ, ಸಿಲಿಂಡರುಗಳ ನಡುವೆ ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು.

5. ಓಡಿಸುವಾಗ

ಕನಿಷ್ಠ ಅರ್ಧ ಗಂಟೆ ಓಡಿಸಿ, ಮ್ಯೂಸಿಕ್ ಆಫ್ ಮಾಡಿ. ನಾಲ್ಕನೇ ಗೇರಿನಲ್ಲಿ 40 ಕಿ.ಮೀ. ವೇಗದಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ: ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ. ಡೀಸೆಲ್‌ನಲ್ಲಿ 1,800–2,000 ದಾಟಿದಾಗ ಟರ್ಬೊ ಎಳೆತ ಸಿಗಬೇಕು. ಎಳೆತದ ಬದಲು ಸಿಳ್ಳೆ ಕೇಳಿದರೆ ಹೋಸ್ ಅಥವಾ ಟರ್ಬೊ ನೋಡಿಸಿ. ಫ್ಲೈಓವರ್ ಹತ್ತಿಸಿ, ಆಮೇಲೆ ಎಸಿ ಹಾಕಿಕೊಂಡೇ ಟ್ರಾಫಿಕ್‌ನಲ್ಲಿ ಹತ್ತು ನಿಮಿಷ ನಿಲ್ಲಿಸಿ. ಟೆಂಪರೇಚರ್ ಮುಳ್ಳು ನಡುವಿನಿಂದ ಮೇಲೇರಬಾರದು, ಫ್ಯಾನ್ ಬಂದು ಹೋಗುವುದು ಕೇಳಬೇಕು.

ಮರಳಿ ಬಂದ ಮೇಲೆ ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷದ ಕೋಡ್ ಓದುವ ಒಬಿಡಿ ಸ್ಕ್ಯಾನರ್ ಹಾಕಿಸಿ. ಕೋಡ್ ಒಂದೂ ಇಲ್ಲವೆಂದು ಸಂತೋಷಪಡುವ ಮುನ್ನ ಕಾರು ತಾನೇ ಮಾಡಿಕೊಳ್ಳುವ ತಪಾಸಣೆಗಳು, ಅಂದರೆ ರೆಡಿನೆಸ್ ಮಾನಿಟರ್‌ಗಳು ಪೂರ್ಣವಾಗಿವೆಯೇ ನೋಡಿ. ಅಪೂರ್ಣ ಎಂದು ತೋರಿಸಿದರೆ ಕೋಡ್‌ಗಳನ್ನು ಈಚೆಗಷ್ಟೇ ಅಳಿಸಿರಬಹುದು, ಇಲ್ಲವೇ ಬ್ಯಾಟರಿ ಬಿಚ್ಚಿರಬಹುದು.

6. ಕಾಗದದಲ್ಲಿ ಎಂಜಿನ್ ಹುಡುಕಿ

ಎಂಜಿನ್ ನಂಬರು ಆರ್‌ಸಿಗೆ ತಾಳೆಯಾಗಬೇಕು. ಇನ್ಶೂರೆನ್ಸ್ ಕ್ಲೇಮಿನ ವಿವರ ಕೇಳಿ: 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸು ನೀರಲ್ಲಿ ನಿಂತ ಕಾರುಗಳಂಥವು ಎಂದಾದರೂ ಮಾರುಕಟ್ಟೆಗೆ ಬರುತ್ತವೆ. ಎಂಜಿನ್ ಒಳಗೆ ನೀರು ನುಗ್ಗಿ ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ಚೂರು ಬಾಗಿದ್ದರೂ ಕಾರು ಓಡುತ್ತದೆ, ತಿಂಗಳುಗಳ ಮೇಲೆ ಕೈಕೊಡುತ್ತದೆ. ಸೀಟಿನ ಕೆಳಗಿನ ಬೋಲ್ಟುಗಳ ತುಕ್ಕು, ಸೀಟ್ ಬೆಲ್ಟ್ ಪೂರ್ತಿ ಎಳೆದರೆ ಕಾಣುವ ಕೆಸರಿನ ಗೆರೆ ಸುಳಿವು ಕೊಡುತ್ತವೆ.

ಯೆಲ್ಲೋ ಬೋರ್ಡ್‌ನಿಂದ ವೈಟ್ ಬೋರ್ಡ್‌ಗೆ ಬದಲಾದ ಇನೋವಾ, ಎಟಿಯೋಸ್, ಡಿಸೈರ್‌ಗಳಲ್ಲಿ ಮೀಟರ್ ತೋರಿಸುವ ಕಿಲೋಮೀಟರ್ ನಂಬಬೇಡಿ. ದೆಹಲಿಯಲ್ಲಿ ಹತ್ತು ವರ್ಷದ ಡೀಸೆಲ್‌ಗೆ ನಿರ್ಬಂಧ ಬಂದ ಮೇಲೆ ಅಲ್ಲಿನ ಕಾರುಗಳು ಅಗ್ಗಕ್ಕೆ ಇಲ್ಲಿಗೆ ಬರುತ್ತಿವೆ. ಎನ್‌ಒಸಿ, ಕರ್ನಾಟಕದ ಮರುನೋಂದಣಿ, ಇಲ್ಲಿನ ಜೀವಾವಧಿ ತೆರಿಗೆ ಕೂಡಿಸಿದ ಮೇಲೂ ಅಗ್ಗವೇ ಎಂದು ಆರ್‌ಟಿಒದಲ್ಲಿ ವಿಚಾರಿಸಿಯೇ ಅಡ್ವಾನ್ಸ್ ಕೊಡಿ.

7. ಮನೆಗೆ ತಂದ ವಾರದಲ್ಲಿ

ಮಾರಿದವರು ಸರ್ವಿಸ್ ಆಗಿದೆ ಎಂದರೂ ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಕೂಲೆಂಟ್ ಬದಲಿಸಿ. ಪೆಟ್ರೋಲ್ ಆದರೆ ಸ್ಪಾರ್ಕ್ ಪ್ಲಗ್, ಡೀಸೆಲ್ ಆದರೆ ಫ್ಯೂಯೆಲ್ ಫಿಲ್ಟರ್ ಕೂಡ. ಮಾರುತಿಯ 1.2 ಪೆಟ್ರೋಲ್‌ಗೆ ಸುಮಾರು 3 ಲೀಟರ್ ಆಯಿಲ್ ಸಾಕು. ದರ್ಜೆ ಮ್ಯಾನ್ಯುಯಲ್‌ನಲ್ಲಿ ಇರುವಂತೆಯೇ ಇರಲಿ, "ದಪ್ಪ ಆಯಿಲ್ ಹಾಕಿದರೆ ಸದ್ದು ಕಡಿಮೆ" ಎಂಬ ಗ್ಯಾರೇಜ್ ಸಲಹೆ ಬೇಡ. ಮೊದಲ 1,000 ಕಿ.ಮೀ. ತನಕ ವಾರಕ್ಕೊಮ್ಮೆ, ಸಮತಟ್ಟಾದ ಜಾಗದಲ್ಲಿ, ಎಂಜಿನ್ ತಣ್ಣಗಿರುವಾಗ ಡಿಪ್ ಸ್ಟಿಕ್ ಮಟ್ಟ ಬರೆದಿಟ್ಟುಕೊಳ್ಳಿ. ಅಷ್ಟು ಓಟಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಇಳಿದರೆ ಸೋರಿಕೆ ಎಲ್ಲಿದೆ, ಎಂಜಿನ್ ಆಯಿಲ್ ಕುಡಿಯುತ್ತಿದೆಯೇ ಎಂದು ತಡಮಾಡದೆ ನೋಡಿಸಿ. ಕಾರು ವಾರಂಟಿ ಸಮೇತ ಕೊಂಡಿದ್ದರೆ ಆ ಬರಹ ಕ್ಲೇಮಿಗೆ ನೆರವಾದೀತು.