ಆಸ್ಪತ್ರೆಯಿಂದ ಬಂದ ಅಮ್ಮನನ್ನು ಸುಮ್ಮನೆ ಕೂರಿಸಬೇಡಿ

ಸೊಂಟದ ಮೂಳೆ ಮುರಿದು, ಶಸ್ತ್ರಚಿಕಿತ್ಸೆಯಾಗಿ, ಮೂರು ವಾರ ಫಿಸಿಯೋಥೆರಪಿ ಮಾಡಿಸಿಕೊಂಡು ಅಮ್ಮ ಮನೆಗೆ ಬಂದಿದ್ದಾರೆ. ವಾಕರ್ ಹಿಡಿದು ನಡೆಯುತ್ತಾರೆ, ಆದರೆ ಮಂಕಾಗಿದ್ದಾರೆ. ಮನೆಯವರದು ಒಂದೇ ಮಾತು: "ನೀನು ಕುಳಿತಿರಮ್ಮ, ನಾವು ನೋಡಿಕೊಳ್ಳುತ್ತೇವೆ." ಅಕ್ಕರೆಯ ಮಾತೇ. ಆದರೆ ಆಸ್ಪತ್ರೆಯಲ್ಲಿ ಕಲಿತು ಬಂದದ್ದನ್ನೆಲ್ಲ ಮರೆಸಲು ಇಷ್ಟು ಸಾಕು.

ಮೊದಲು ಒಂದು ನೋಟ್‌ಬುಕ್ ತೆರೆಯಿರಿ. ಸ್ನಾನ, ಬಟ್ಟೆ, ಶೌಚ, ಏಳುವುದು-ಕೂರುವುದು, ಮಲಮೂತ್ರದ ಹಿಡಿತ, ಊಟ: 1963ರಲ್ಲಿ ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ತಂಡ ಪಟ್ಟಿ ಮಾಡಿದ ಈ ಆರು ಕೆಲಸಗಳನ್ನು ವೈದ್ಯರು ಇಂದಿಗೂ ಕೇಳುತ್ತಾರೆ. ಯಾವುದನ್ನು ತಾವೇ ಮಾಡುತ್ತಾರೆ, ಯಾವುದಕ್ಕೆ ಕೈ ಹಿಡಿಯಬೇಕು ಎಂದು ವಾರಕ್ಕೊಮ್ಮೆ ಬರೆದಿಡಿ.

ಆಮೇಲೆ ಒಂದೊಂದೇ ಕೆಲಸ ಅವರಿಗೆ ಬಿಟ್ಟುಕೊಡಿ. ರವಿಕೆಯ ಹುಕ್ಕು ಹಾಕಿಕೊಳ್ಳಲು ಐದು ನಿಮಿಷ ಹಿಡಿದರೆ ಹಿಡಿಯಲಿ, ನೀವು ಕೈಕಟ್ಟಿ ನಿಲ್ಲಿ. ಇದು ಕಷ್ಟ, ನನಗೆ ಗೊತ್ತು. ಅವರೆಕಾಳು ನೆನೆಸಿ ಬಟ್ಟಲನ್ನು ಮುಂದಿಡಿ. ಹೆಬ್ಬೆರಳು, ತೋರುಬೆರಳಿನ ನಡುವೆ ಕಾಳು ಚಿಮ್ಮುವಾಗ "ಇಷ್ಟು ಸಾಕೇ ಸಾರಿಗೆ?" ಎಂಬ ಪ್ರಶ್ನೆ ತಾನಾಗಿ ಬರುತ್ತದೆ. ಆದರೆ ಮಣೆ ಬೇಡ. ಕೀಲು ಬದಲಾಯಿಸಿದ್ದರೆ ತಗ್ಗಿನಲ್ಲಿ ಕೂರುವಂತಿಲ್ಲ. ಎತ್ತರದ ಕುರ್ಚಿಯೇ ಆಗಬೇಕು.

"ಇವನ್ಯಾರು ಹೇಳು ನೋಡೋಣ" ಎಂದು ಬಂದವರ ಮುಂದೆ ಪರೀಕ್ಷೆ ಮಾಡಬೇಡಿ. ಮರೆವು ಎನ್ನುವ ಮೊದಲು ಕನ್ನಡಕ, ಶ್ರವಣಯಂತ್ರ ಸರಿಯಿವೆಯೇ ನೋಡಿ. ತಿಂಗಳುಗಟ್ಟಲೆ ಮೆಲ್ಲಗೆ ಬೆಳೆಯುವ ಮರೆವೇ ಬೇರೆ, ನಿನ್ನೆ ಚೆನ್ನಾಗಿದ್ದವರು ಇಂದು ಸಂಜೆ ಹೊತ್ತು ಯಾವುದೆಂದು ತಿಳಿಯದೆ ತಡವರಿಸುವುದೇ ಬೇರೆ. ಎರಡನೆಯದರ ಹಿಂದೆ ಮೂತ್ರದ ಸೋಂಕು, ಮಲಬದ್ಧತೆ, ನೋವು ಅಥವಾ ಹೊಸದಾಗಿ ಕೊಟ್ಟ ನಿದ್ದೆ ಮಾತ್ರೆ ಇರಬಹುದು. ವಯಸ್ಸಾಯಿತು ಎಂದು ತಳ್ಳಿಹಾಕದೆ ಅಂದೇ ವೈದ್ಯರಿಗೆ ತೋರಿಸಿ, ಮಾತ್ರೆಗಳ ಚೀಲವನ್ನೂ ಒಯ್ಯಿರಿ.

ಊಟ ಬೇಡ, ನೆಂಟರು ಬೇಡ, "ನಾನಿದ್ದು ಏನು ಪ್ರಯೋಜನ" ಎನ್ನುವುದು ಎರಡು ವಾರ ಮೀರಿದರೆ ಅದು ಖಿನ್ನತೆಯಾಗಿರಬಹುದು, ಚಿಕಿತ್ಸೆ ಇದೆ. ಸಾಯುವ ಮಾತು ಬಂದರೆ ಎರಡು ವಾರ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡುತ್ತಾರೆ. ಹಿರಿಯರ ಸಹಾಯವಾಣಿ 14567.

ಕೊನೆಗೆ, ದುಡ್ಡು. ಸೊಪ್ಪಿನವಳು ಬಾಗಿಲಿಗೆ ಬಂದಾಗ ಪರ್ಸ್ ಅವರ ಕೈಯಲ್ಲಿರಲಿ. ಚೌಕಾಸಿ ಮಾಡಲಿ, ಚಿಲ್ಲರೆ ಎಣಿಸಲಿ. ಹತ್ತು ರೂಪಾಯಿ ಹೆಚ್ಚು ಕೊಟ್ಟುಬಿಟ್ಟರೂ ನೀವು ನಡುವೆ ಬಾಯಿ ಹಾಕಬೇಡಿ.