ಸುಪೀರಿಯರ್ ದಂಡೆಯ ಕಾಡಿನಲ್ಲಿ ಟೆಂಟ್ ಹಾಕುವವರು ಊಟದ ಚೀಲವನ್ನು ಎಲ್ಲಿಡಬೇಕು?

ಅಮೆರಿಕದ ಮಿಷಿಗನ್ ರಾಜ್ಯದ ಉತ್ತರದಲ್ಲಿ, ಸುಪೀರಿಯರ್ ಸರೋವರಕ್ಕೆ ಹೊಂದಿಕೊಂಡು ಪೊರ್ಕ್ಯುಪೈನ್ ಮೌಂಟನ್ಸ್ ಸ್ಟೇಟ್ ಪಾರ್ಕ್ ಇದೆ. ಕೊಡಲಿ ಬೀಳದೆ ಉಳಿದಿದ್ದ ಹೆಮ್ಲಾಕ್ ಮತ್ತು ಮೇಪಲ್ ಕಾಡನ್ನು ಕಾಪಾಡಲೆಂದು 1945ರಲ್ಲಿ ಆದ ಪಾರ್ಕು ಇದು. ವಿಸ್ತಾರ ಸುಮಾರು 60,000 ಎಕರೆ. ಡೆಟ್ರಾಯಿಟ್ ಕಡೆಯಿಂದ ಕಾರಿನಲ್ಲಿ ಹೊರಟರೆ ಸುಮಾರು ಹತ್ತು ಗಂಟೆಯ ದಾರಿ. ಟೆಂಟಿಗೆ ನೂರಾರು ಡಾಲರ್ ಸುರಿದು, ಊಟದ ಚೀಲದ ಬಗ್ಗೆ ಒಂದು ನಿಮಿಷವೂ ಯೋಚಿಸದೆ ಬರುವವರು ಬಹಳ. ಇಲ್ಲಿ ರಾತ್ರಿ ಹಾಳಾಗುವುದು ಹೆಚ್ಚಾಗಿ ಆ ಚೀಲದ ದೆಸೆಯಿಂದಲೇ.

1. ಜಾಗ ಮತ್ತು ದಾರಿ

ಚಿಕ್ಕ ಮಕ್ಕಳಿದ್ದರೆ ಯೂನಿಯನ್ ಬೇ ಕ್ಯಾಂಪ್‌ಗ್ರೌಂಡ್ ಸಾಕು. ಕಾರು ಪಕ್ಕದಲ್ಲೇ ನಿಲ್ಲುತ್ತದೆ, ಕರೆಂಟೂ ಇದೆ. ಸಾಮಾನು ಬೆನ್ನಿಗೆ ಹೊತ್ತು ನಡೆಯುವವರು ಕಾಡಿನೊಳಗಿನ ನಂಬರ್ ಹಾಕಿದ ಜಾಗಗಳಲ್ಲಿ ಒಂದನ್ನು ಮುಂಚೆಯೇ ಕಾದಿರಿಸಬೇಕು. ಕಂಡ ಕಂಡಲ್ಲಿ ಟೆಂಟ್ ಹಾಕುವಂತಿಲ್ಲ. ಮೊದಲ ಸಲಕ್ಕೆ ಲೇಕ್ ಆಫ್ ದ ಕ್ಲೌಡ್ಸ್‌ನಿಂದ ಮಿರರ್ ಲೇಕ್‌ಗೆ ಹೋಗುವ ಸುಮಾರು 4 ಮೈಲಿಯ ದಾರಿಯೇ ಸರಿ. ದಂಡೆಗುಂಟ ಸಾಗುವ ಲೇಕ್ ಸುಪೀರಿಯರ್ ಟ್ರೇಲ್ ಸುಮಾರು 17 ಮೈಲಿ. ನಕ್ಷೆಯಲ್ಲಿ ಸಮತಟ್ಟಾಗಿ ಕಂಡರೂ ಕೆಸರು, ಬೇರು, ಹಳ್ಳಗಳಿಂದ ಕಾಲು ಸೋಲಿಸುತ್ತದೆ.

ಮೊಬೈಲ್ ಸಿಗ್ನಲ್ ನಂಬಬೇಡಿ, ಕಾಗದದ ನಕ್ಷೆ ಇಟ್ಟುಕೊಳ್ಳಿ. ಗಡಿಯಾರದ ಗೊಂದಲವೂ ಒಂದಿದೆ. ಪಾರ್ಕಿನ ಪೂರ್ವ ಭಾಗ ಈಸ್ಟರ್ನ್ ಸಮಯದಲ್ಲಿದೆ, ಪಶ್ಚಿಮದ ಗೊಗೆಬಿಕ್ ಕೌಂಟಿ ಒಂದು ಗಂಟೆ ಹಿಂದೆ. ಜೂನ್ ಕೊನೆಯಲ್ಲಿ ಪೂರ್ವ ಭಾಗದಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಹತ್ತರ ಹತ್ತಿರ. ಇನ್ನೂ ಬೆಳಕಿದೆಯಲ್ಲ ಎಂದು ತಡಮಾಡಿದವರು ಕೊನೆಗೆ ಕತ್ತಲಲ್ಲಿ ಅಡುಗೆ ಮಾಡುತ್ತಾರೆ, ಆತುರದಲ್ಲಿ ಚೀಲವನ್ನು ಟೆಂಟಿನ ಬಾಗಿಲಲ್ಲೇ ಬಿಡುತ್ತಾರೆ.

2. ಹೊರುವ ಸಾಮಾನು

ಜುಲೈನಲ್ಲೂ ರಾತ್ರಿ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಬಹುದು. ಸ್ಲೀಪಿಂಗ್ ಬ್ಯಾಗಿನ ಮೇಲೆ ದಪ್ಪಕ್ಷರದಲ್ಲಿರುವ ಅಂಕಿ ಎಷ್ಟೋ ಸಲ ಹೇಗೋ ತಡೆದುಕೊಳ್ಳಬಹುದಾದ ಕನಿಷ್ಠ ಉಷ್ಣಾಂಶದ್ದು. ನೋಡಬೇಕಾದ್ದು ‘ಕಂಫರ್ಟ್’ ಎಂದಿರುವ, ಹಾಯಾಗಿ ಮಲಗಬಹುದಾದ ಉಷ್ಣಾಂಶದ ಅಂಕಿ. ಚಳಿ ನೆಲದಿಂದ ಏರುವುದರಿಂದ ಕೆಳಗೆ ಹಾಸುವ ಮ್ಯಾಟಿನ ಆರ್-ವ್ಯಾಲ್ಯೂ (ಚಳಿ ತಡೆಯುವ ಶಕ್ತಿಯ ಅಳತೆ) 3ಕ್ಕಿಂತ ಕಡಿಮೆ ಇರಬಾರದು. ಜೀನ್ಸ್, ಹತ್ತಿ ಬನಿಯನ್ ಮನೆಯಲ್ಲಿರಲಿ. ಒದ್ದೆಯಾದರೆ ಬೇಗ ಒಣಗುವುದಿಲ್ಲ.

ಮೇ ಕೊನೆಯಿಂದ ಜೂನ್‌ವರೆಗೆ ಬ್ಲ್ಯಾಕ್ ಫ್ಲೈ ಎಂಬ ಕಚ್ಚುವ ಕಿರುನೊಣಗಳ ಕಾಟ. ತಲೆಗೆ ಬಲೆ, ಚರ್ಮಕ್ಕೆ ಕೀಟಗಳನ್ನು ದೂರವಿಡುವ ಡೀಟ್ 20–30 ಪ್ರತಿಶತ ಇರುವ ಲೋಷನ್, ಬಟ್ಟೆಗೆ ಮನೆಯಲ್ಲೇ ಸಿಂಪಡಿಸಿ ಒಣಗಿಸಿದ ಪರ್ಮೆಥ್ರಿನ್ ಎಂಬ ಕೀಟನಾಶಕ ಬೇಕು. ಶಬ್ದದಿಂದ ಸೊಳ್ಳೆ ಓಡಿಸುತ್ತೇವೆಂದು ಮಾರುವ ಯಂತ್ರಗಳು ಶುದ್ಧ ದಂಡ.

3. ಟೆಂಟ್

ತಗ್ಗಿನಲ್ಲೂ ಒಣಮರದಡಿಯಲ್ಲೂ ಹಾಕಬೇಡಿ. ಕೆಳಹಾಸು ಟೆಂಟಿನ ಅಂಚಿನಿಂದ ಹೊರಗೆ ಇಣುಕದಿರಲಿ, ಇಣುಕಿದರೆ ಮಳೆನೀರು ಅಡಿಗೆ ಬರುತ್ತದೆ.

4. ಊಟದ ಚೀಲ

ಇಲ್ಲಿರುವುದು ಕಪ್ಪು ಕರಡಿ. ನಮ್ಮ ದರೋಜಿಯ ಕರಡಿ ಮನುಷ್ಯ ಎದುರಾಬದುರು ಸಿಕ್ಕಾಗ ಗಾಬರಿಗೆ ಮೇಲೆ ಬೀಳುತ್ತದೆ. ಇಲ್ಲಿಯದು ಹೆಚ್ಚಾಗಿ ಮನುಷ್ಯರಿಂದ ದೂರ ಸರಿಯುತ್ತದೆ, ಆದರೆ ಊಟದ ವಾಸನೆ ಹಿಡಿದು ಬರುತ್ತದೆ. ಒಮ್ಮೆ ಟೆಂಟಿನಲ್ಲಿ ತಿಂಡಿ ಸಿಕ್ಕಿತೋ, ಮತ್ತೆ ಮತ್ತೆ ಬರುತ್ತದೆ. ಕೊನೆಗೆ ಅದನ್ನು ಕೊಲ್ಲಬೇಕಾಗಿ ಬರುವುದೂ ಉಂಟು. ಹಾಗಾಗಿ ಈ ಹೆಜ್ಜೆಯಲ್ಲಿ ರಿಯಾಯಿತಿ ಇಲ್ಲ.

ಕೆಲಸ ಮನೆಯ ಅಡುಗೆಮನೆಯಲ್ಲೇ ಶುರು. ಕಾಡಿನಲ್ಲಿ ಒಗ್ಗರಣೆ ಹಾಕಲೇಬಾರದು. ಸಿಡಿದ ಎಣ್ಣೆ, ಇಂಗು, ಕರಿಬೇವಿನ ಘಮ ಜಾಕೆಟ್ಟಿಗೆ ಹತ್ತುತ್ತದೆ, ಆ ಜಾಕೆಟ್ಟನ್ನೇ ದಿಂಬು ಮಾಡಿ ಮಲಗುತ್ತೇವೆ. ರವೆಯನ್ನು ಒಗ್ಗರಣೆಯೊಂದಿಗೆ ಮನೆಯಲ್ಲೇ ಹುರಿದು, ಉಪ್ಪು ಬೆರೆಸಿ, ಆರಿದ ಮೇಲೆ ಜಿಪ್ ಕವರಿಗೆ ತುಂಬಿ. ಅಲ್ಲಿ ಒಂದು ಲೋಟ ರವೆಗೆ ಎರಡೂವರೆ ಲೋಟ ಕುದಿಯುವ ನೀರು ಸುರಿದು ಐದಾರು ನಿಮಿಷ ಮುಚ್ಚಿಟ್ಟರೆ ಉಪ್ಪಿಟ್ಟು ಸಿದ್ಧ. ಗೊಜ್ಜವಲಕ್ಕಿಯೂ ಒಳ್ಳೆಯದೇ. ತೊಗರಿಬೇಳೆ ಬೇಡ, ಕುಕ್ಕರ್ ಇಲ್ಲದೆ ಬೇಯುವಷ್ಟರಲ್ಲಿ ಗ್ಯಾಸ್ ಮುಗಿದಿರುತ್ತದೆ. ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ, ಇಳಿದ ಊರಿನಲ್ಲೇ ಕೊಳ್ಳಿ.

ಅಡುಗೆ, ಊಟ, ಪಾತ್ರೆ ತೊಳೆಯುವುದು ಎಲ್ಲವೂ ಟೆಂಟಿನಿಂದ ಕನಿಷ್ಠ 60 ಮೀಟರ್ ದೂರ ಆಗಲಿ, ಅಂದರೆ ಸುಮಾರು 80 ಹೆಜ್ಜೆ.

ಈಗ ಚೀಲ ತುಂಬಿ. ತಿನ್ನುವುದಷ್ಟೇ ಅಲ್ಲ, ವಾಸನೆಯಿರುವುದೆಲ್ಲ ಇದರೊಳಗೆ ಹೋಗಬೇಕು: ಟೂತ್‌ಪೇಸ್ಟ್, ಸೋಪು, ಸನ್‌ಸ್ಕ್ರೀನ್, ಕೊಬ್ಬರಿ ಎಣ್ಣೆ, ಕಸದ ಕವರು, ತೊಳೆದ ಪಾತ್ರೆ ಕೂಡ. ಎಲ್ಲರೂ ಮರೆಯುವುದು ಮಕ್ಕಳ ಜೇಬಿನ ಚಾಕೊಲೇಟ್ ಕಾಗದವನ್ನು. ಮಲಗುವ ಮುಂಚೆ ಎಲ್ಲರ ಜೇಬೂ ತಡಕಿ.

ಕಾಡಿನೊಳಗಿನ ಜಾಗಗಳಲ್ಲಿ ಚೀಲ ತೂಗುಹಾಕಲು ಎತ್ತರದ ಕಬ್ಬಿಣದ ಕಂಬ ಸಾಮಾನ್ಯ. ತುದಿಯಲ್ಲಿ ಕೊಕ್ಕೆಗಳು, ಚೀಲ ಏರಿಸಲು ಉದ್ದನೆಯ ಸರಳು. ಸೋಲುವುದು ಈ ಸರಳಿನ ಹತ್ತಿರ. ಏಳೆಂಟು ಕಿಲೋದ ಒಂದೇ ಚೀಲ ಮಾಡಿದರೆ ಎತ್ತಿದಂತೆಲ್ಲ ಸರಳು ಓಲಾಡುತ್ತದೆ, ಕೈ ನಡುಗುತ್ತದೆ, ಚೀಲ ತಲೆಯ ಮೇಲೇ ಬೀಳುತ್ತದೆ. ತಲಾ ಮೂರು ನಾಲ್ಕು ಕಿಲೋದ ಎರಡು ಚೀಲ ಮಾಡಿ. ಬಾಯಿಗೆ ಗಟ್ಟಿ ದಾರದಿಂದ ಅಂಗೈ ಅಗಲದ ಕುಣಿಕೆ ಹಾಕಿ. ಪ್ಲಾಸ್ಟಿಕ್ ಕವರಿನ ಹಿಡಿ ಹರಿಯುತ್ತದೆ. ಕಂಬಕ್ಕೆ ಹತ್ತಿರ ನಿಂತು ಸರಳನ್ನು ನೆಟ್ಟಗೆ ಮೇಲೆತ್ತಿ, ಓರೆ ಮಾಡಬೇಡಿ. ಕುಣಿಕೆ ಕೊಕ್ಕೆಯನ್ನು ದಾಟಿದ ಮೇಲೆ ನಿಧಾನ ಇಳಿಸಿ. ಇಬ್ಬರು ಹಿಡಿದರೆ ಸಲೀಸು. ಬೆಳಕಿರುವಾಗಲೇ ಒಮ್ಮೆ ಏರಿಸಿ ಇಳಿಸಿ ನೋಡಿ.

ಕಂಬವಿಲ್ಲದ ಕಡೆ ಮರಕ್ಕೆ ಹಗ್ಗ ಕಟ್ಟುವ ವಿದ್ಯೆ ಪುಸ್ತಕದಲ್ಲಿ ಸುಲಭ. ಚೀಲ ನೆಲದಿಂದ ಮೂರೂವರೆ ಮೀಟರ್ ಮೇಲೆ, ಕಾಂಡದಿಂದ ಎರಡು ಮೀಟರ್ ಆಚೆ ತೂಗಬೇಕು. ಹೆಮ್ಲಾಕ್‌ನ ಕೆಳಗಿನ ಕೊಂಬೆಗಳು ನೆರಳಿಗೆ ಒಣಗಿ ಪುಟುಕ್ಕನೆ ಮುರಿಯುತ್ತವೆ, ಆ ಅಳತೆಗೆ ತಕ್ಕ ಕೊಂಬೆ ಸಿಗುವುದು ಅಪರೂಪ. ಕರಡಿಗೆ ಬಿಚ್ಚಲಾಗದ ಗಟ್ಟಿ ಪ್ಲಾಸ್ಟಿಕ್‌ನ ‘ಕರಡಿ ಡಬ್ಬಿ’ಯೇ ಮೇಲು. ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು ತೂಕ, ಆದರೂ ಹೊರಿ. ಮುಚ್ಚಳ ಪೂರ್ತಿ ತಿರುಗಿಸಿ, ಟೆಂಟಿನಿಂದ ದೂರ ಸಮನೆಲದಲ್ಲಿಡಿ. ಇಳಿಜಾರಿನಲ್ಲೋ ನೀರಿನಂಚಿನಲ್ಲೋ ಇಟ್ಟರೆ ಕರಡಿ ಉರುಳಿಸಿಬಿಡುತ್ತದೆ.

ಕರಡಿ ಬಂದೇಬಿಟ್ಟರೆ ಓಡಬೇಡಿ, ಮರ ಹತ್ತಬೇಡಿ. ಅದು ನಿಮಗಿಂತ ಚೆನ್ನಾಗಿ ಹತ್ತುತ್ತದೆ. ಎಲ್ಲರೂ ಒಟ್ಟಿಗೆ ನಿಂತು ಕೈ ಮೇಲೆತ್ತಿ, ಜೋರಾಗಿ ಕೂಗಿ, ಪಾತ್ರೆ ಬಡಿಯಿರಿ.

5. ನೀರು

ಸುಪೀರಿಯರ್ ನೀರು ಗಾಜಿನಂತೆ ಕಂಡರೂ ಫಿಲ್ಟರ್ ಮಾಡಿ, ಇಲ್ಲವೇ ಒಂದು ನಿಮಿಷ ಚೆನ್ನಾಗಿ ಕುದಿಸಿ. ಜಿಯಾರ್ಡಿಯಾ ಎಂಬ ಪರಾವಲಂಬಿ ಕಣ್ಣಿಗೆ ಕಾಣುವುದಿಲ್ಲ. ಹಳ್ಳದ ನೀರು ಚಹಾ ಬಣ್ಣಕ್ಕಿದ್ದರೆ ಹೆದರಬೇಕಿಲ್ಲ, ಅದು ತೊಗಟೆ ಎಲೆಗಳ ಒಗರು. ನಳಿಕೆಯಂಥ ಫಿಲ್ಟರ್ ಒಮ್ಮೆ ಹೆಪ್ಪುಗಟ್ಟಿದರೆ ಒಳಗೇ ಬಿರುಕು ಬಿಡುತ್ತದೆ, ಹೊರಗೆ ಗೊತ್ತಾಗುವುದಿಲ್ಲ. ಚಳಿ ರಾತ್ರಿಗಳಲ್ಲಿ ಅದನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಂಡೇ ಮಲಗಿ.

6. ಹೊರಡುವಾಗ

ಬೆಂಕಿ ಹಾಕಿದ್ದರೆ ನೀರು ಸುರಿದು ಕೆದಕಿ, ಮತ್ತೆ ಸುರಿದು, ಬೂದಿಯನ್ನು ಬರಿಗೈಯಲ್ಲಿ ಮುಟ್ಟುವಂತಾದ ಮೇಲೆ ಬಿಡಿ. ಊರಿನಿಂದ ಸೌದೆ ತರಬೇಡಿ; ಮಿಷಿಗನ್‌ನಲ್ಲಿ 2002ರಲ್ಲಿ ಪತ್ತೆಯಾದ ಆಶ್ ಮರದ ಕೊರಕ ಹುಳು ಹರಡುವುದು ಅಂಥ ಸೌದೆಯಿಂದಲೂ. ಮಿಕ್ಕ ಅನ್ನ, ಕಿತ್ತಳೆ ಸಿಪ್ಪೆ ಹೂಳಬೇಡಿ, ಕರಡಿ ಕೆದರುತ್ತದೆ. ವಾಪಸ್ ಹೊತ್ತು ತನ್ನಿ. ಟೆಂಟ್ ಒದ್ದೆಯಿದ್ದರೆ ಮನೆ ಸೇರಿದ ದಿನವೇ ಬಿಚ್ಚಿ ಒಣಹಾಕಿ, ಬೂಷ್ಟು ಹಿಡಿದರೆ ಆ ವಾಸನೆ ಮತ್ತೆ ಹೋಗುವುದಿಲ್ಲ.