ಸಮ-ಬೆಸದ ಲೆಕ್ಕ: ಒಂದೇ ಅಕ್ಷರ ಎರಡು ಸಲ ಹಾಕಿ ನಾನು ಕಲಿತಿದ್ದು

ಹಾಸನದಲ್ಲಿ ಸಾಲಗಾಮೆ ರೋಡಿಂದ ಸ್ವಲ್ಪ ಒಳಗೆ ನಮ್ಮನೆ, ಸಂಜೆ ಹತ್ತನೇ ಕ್ಲಾಸು ಮತ್ತೆ ಪಿಯುಸಿ ಮಕ್ಕಳಿಗೆ ಮ್ಯಾಥ್ಸ್ ಹೇಳ್ಕೊಡ್ತೀನಿ. ಸಮ-ಬೆಸ ಅಂದ್ರೆ ಸಾಕು, "ಸಾರ್ ಅದು ಎರಡನೇ ಕ್ಲಾಸಿಂದು" ಅಂತಾರೆ. ನಾನೂ ಬೋರ್ಡ್ ಮೇಲೆ ಒಂದು ತಪ್ಪು ಬರೆದು ಸಿಕ್ಕಿಬೀಳೋ ತನಕ ಹಾಗೇ ಅನ್ಕೊಂಡಿದ್ದೆ.

ಆವತ್ತು ತೋರಿಸಬೇಕಾಗಿದ್ದು ಎರಡು ಬೆಸ ಸಂಖ್ಯೆ ಕೂಡಿದ್ರೆ ಸಮ ಬರುತ್ತೆ ಅಂತ ಅಷ್ಟೇ. ಬೆಸ ಅಂದ್ರೆ 2ಕ+1, ಅದಕ್ಕೆ ಇನ್ನೊಂದು 2ಕ+1 ಕೂಡಿ 4ಕ+2 ಅಂತ ಬರೆದು, ನೋಡಿ ಎರಡರಿಂದ ಭಾಗ ಹೋಗುತ್ತೆ, ಮುಗೀತು ಅಂದೆ. ಬೇಲೂರು ಕಡೆಯಿಂದ ಬಸ್ಸಲ್ಲಿ ಬರೋ ಒಬ್ಳು ಹುಡುಗಿ ಎದ್ದು ನಿಂತು "ಸಾರ್, 4ಕ+2 ಅಂದ್ರೆ ನಾಲ್ಕರಿಂದ ಭಾಗಿಸಿದಾಗ ಯಾವಾಗ್ಲೂ ಎರಡು ಉಳೀಬೇಕಲ್ವಾ, ಮೂರು ಐದು ಕೂಡಿದ್ರೆ ಎಂಟು, ಅಲ್ಲೇನೂ ಉಳಿಯಲ್ವಲ್ಲ?" ಅಂದ್ಲು. ನನಗೆ ತಕ್ಷಣ ಉತ್ತರ ಹೊಳೀಲಿಲ್ಲ, ನಾಳೆ ಹೇಳ್ತೀನಿ ಕೂತ್ಕೊಮ್ಮ ಅಂದೆ.

ರಾತ್ರಿ ಕೂತು ನೋಡಿದ್ರೆ ತಪ್ಪು ಕಣ್ಣೆದುರೇ ಇತ್ತು. ಎರಡಕ್ಕೂ ಅದೇ ಕ ಹಾಕಿದ್ರೆ ಎರಡೂ ಒಂದೇ ಸಂಖ್ಯೆ ಆಗೋಯ್ತು, ಅಂದ್ರೆ ನಾನು ತೋರಿಸಿದ್ದು 3+3ಕ್ಕೆ, 5+5ಕ್ಕೆ ಮಾತ್ರ, 3+5ಕ್ಕೆ ಅಲ್ವೇ ಅಲ್ಲ. ಬರೀಬೇಕಾಗಿದ್ದು 2ಕ+1 ಮತ್ತೆ 2ಗ+1, ಕೂಡಿದ್ರೆ 2(ಕ+ಗ+1). ಕೊನೇ ಮಾತು ಸರಿಯಾಗೇ ಬಂದಿತ್ತು ಅದಕ್ಕೇ ನನಗೆ ಅನುಮಾನ ಬರಲಿಲ್ಲ, ಇಂಥ ತಪ್ಪು ಹಿಡಿಯೋದು ಕಷ್ಟ.

ಮಾರನೇ ದಿನ ಹೇಗೆ ಹೇಳೋದು ಅಂತ ಯೋಚನೆ ಮಾಡ್ತಿದ್ದಾಗ ನೆನಪಾಗಿದ್ದು ನಮ್ಮಜ್ಜಿ. ಚಿಕ್ಕೋರಿದ್ದಾಗ ಹುಣಸೆ ಬೀಜ ಮುಷ್ಟಿಯಲ್ಲಿ ಹಿಡ್ಕೊಂಡು ಸರಿಯೋ ಬೆಸವೋ ಅಂತ ಕೇಳೋರು, ಆಮೇಲೆ ಮುಷ್ಟಿ ಬಿಚ್ಚಿದಾಗ ಒಂದು ಎರಡು ಅಂತ ಎಣಿಸ್ತಿರಲಿಲ್ಲ, ಎರಡೆರಡೇ ಬೀಜ ಬೆರಳಲ್ಲಿ ಪಕ್ಕಕ್ಕೆ ತಳ್ಳೋರು, ಕೊನೆಗೆ ಒಂಟಿ ಉಳೀತಾ ಇಲ್ವಾ ಅಷ್ಟೇ ನೋಡೋದು. ಎಷ್ಟು ಬೀಜ ಅಂತ ಅವರಿಗೆ ಬೇಕೇ ಇರಲಿಲ್ಲ! ಆ 2ಕ+1 ಅನ್ನೋದು ಇದೇ ಅಲ್ವಾ, ಕ ಜೋಡಿ, ಮೇಲೊಂದು ಒಂಟಿ. ಈಗ ನಾನು ಇಬ್ರು ಮಕ್ಕಳನ್ನ ಕರೆದು ಒಂದೊಂದು ಮುಷ್ಟಿ ಬೀಜ ಎತ್ಕೊಳಿ ಅಂತೀನಿ, ಇಬ್ರಿಗೂ ಒಂಟಿ ಉಳಿದ್ರೆ ಆ ಎರಡು ಒಂಟಿ ಸೇರಿ ಜೋಡಿ ಆಗುತ್ತೆ, ಮತ್ತೆ ಇಬ್ಬರ ಮುಷ್ಟೀಲೂ ಜೋಡಿ ಅಷ್ಟಷ್ಟೇ ಇರಬೇಕು ಅಂತೇನಿಲ್ಲ ಅನ್ನೋದು ಎದುರಿಗೇ ಕಾಣುತ್ತೆ. ಎರಡನೇ ಅಕ್ಷರ ಯಾಕೆ ಬೇಕು ಅಂತ ಆಮೇಲೆ ಯಾರೂ ಕೇಳಿಲ್ಲ.

ಇದು ಹತ್ತನೇ ಕ್ಲಾಸಿನ ವರ್ಗ ಸಮೀಕರಣದಲ್ಲಿ ಎಷ್ಟು ಉಪಯೋಗ ಅಂತ ಗೊತ್ತಾಗಿದ್ದು ಆಮೇಲೆ. 3ಎಕ್ಸ್ ಸ್ಕ್ವೇರ್ + 7ಎಕ್ಸ್ + 1 = 0 ಕೊಟ್ಟಿದ್ದೆ, ಮಕ್ಕಳು ಮಧ್ಯದ ಪದ ಒಡೆಯೋಕೆ ಹೋಗಿ ಒದ್ದಾಡ್ತಾ ಕೂತ್ರು. ಗುಣಿಸಿದ್ರೆ 3 ಬರಬೇಕು, ಕೂಡಿದ್ರೆ 7. ಗುಣಲಬ್ಧ ಬೆಸ ಬರಬೇಕಾದ್ರೆ ಎರಡೂ ಬೆಸ ಆಗಿರಲೇಬೇಕು, ಎರಡು ಬೆಸ ಕೂಡಿದ್ರೆ ಸಮ, ಆದರೆ ನಮಗೆ ಬೇಕಾಗಿರೋದು 7. ಅಂದ್ರೆ ಅಂಥ ಜೋಡಿ ಇಲ್ಲವೇ ಇಲ್ಲ, ಹುಡುಕೋದು ಬಿಟ್ಟು ಸೂತ್ರ ಹಾಕಿ. ಇಲ್ಲಿ 3, 7, 1 ಅನ್ನೋದಕ್ಕೇನೂ ವಿಶೇಷ ಇಲ್ಲ, ಮೂರೂ ಸಹಗುಣಕ ಬೆಸ ಇದ್ರೆ ಯಾವಾಗ್ಲೂ ಹೀಗೇ.

ಪಿಯುಸಿಯವರಿಗೆ ಇದನ್ನೇ ಶೋಧಕದಿಂದ, ಅಂದ್ರೆ ಸೂತ್ರದಲ್ಲಿ ವರ್ಗಮೂಲದ ಒಳಗೆ ಬರೋ ಬಿ ಸ್ಕ್ವೇರ್ ಮೈನಸ್ 4ಎಸಿಯಿಂದ, ತೋರಿಸ್ತೀನಿ, ನನಗೆ ತುಂಬ ಇಷ್ಟವಾದ ಭಾಗ ಇದು. 2ಕ+1ರ ವರ್ಗ 4ಕ(ಕ+1)+1, ಕ ಮತ್ತೆ ಕ+1 ಪಕ್ಕಪಕ್ಕದವು, ಒಂದಾದ್ರೂ ಸಮ ಇದ್ದೇ ಇರುತ್ತೆ, ಹಾಗಾಗಿ ಬೆಸ ಸಂಖ್ಯೆಯ ವರ್ಗನ ಎಂಟರಿಂದ ಭಾಗಿಸಿದ್ರೆ ಶೇಷ ಯಾವಾಗ್ಲೂ 1. ಬಿ ಸ್ಕ್ವೇರ್ ಮೈನಸ್ 4ಎಸಿನಲ್ಲಿ ಬಿ ಸ್ಕ್ವೇರ್ ಶೇಷ 1, ಎ ಸಿ ಎರಡೂ ಬೆಸ ಆಗಿರೋದ್ರಿಂದ 4ಎಸಿ ಶೇಷ 4, ಒಂದರಲ್ಲಿ ನಾಲ್ಕು ಹೋಗಲ್ಲ, ಎಂಟು ಸಾಲ ತಗೊಂಡ್ರೆ ಉಳಿಯೋದು 5. ಶೋಧಕ ಬೆಸ, ಆದ್ರೆ ಶೇಷ 1 ಅಲ್ಲ, ಹಾಗಾಗಿ ಪೂರ್ಣ ವರ್ಗ ಆಗೋಕೆ ಸಾಧ್ಯ ಇಲ್ಲ, ಮೂಲಗಳು ಭಾಗಲಬ್ಧ ಆಗಲ್ಲ. ಮೇಲಿನ ಲೆಕ್ಕದಲ್ಲಿ 49−12=37, ಶೇಷ 5 ಬಂತಲ್ಲ.

ಒಂದು ವಿಷಯ ಮಾತ್ರ ಒತ್ತಿ ಹೇಳ್ತೀನಿ, ಸಮ-ಬೆಸದಿಂದ "ಇಲ್ಲ" ಅಂತ ಗ್ಯಾರಂಟಿ ಹೇಳಬಹುದು, "ಇದೆ" ಅಂತ ಅದೊಂದರಿಂದಲೇ ಹೇಳೋಕಾಗಲ್ಲ. ಎರಡು ವರ್ಗ ಕೂಡಿದ್ರೆ 2023 ಬರುತ್ತಾ ಅಂತ ಕೇಳಿದ್ದೆ. ಸಮದ ವರ್ಗಕ್ಕೆ ನಾಲ್ಕರಲ್ಲಿ ಶೇಷ 0, ಬೆಸದ್ದಕ್ಕೆ 1, ಕೂಡಿದ್ರೆ 0, 1 ಅಥವಾ 2, ಆದ್ರೆ 2023ಕ್ಕೆ ಶೇಷ 3, ಬರಲ್ಲ ಅಂತ ಎಲ್ರೂ ಚೆನ್ನಾಗಿ ಬರೆದ್ರು. ಮುಂದಿನ ಪ್ರಶ್ನೆ 21. ಒಬ್ಬ ಹುಡುಗ ಶೇಷ 1 ಬಂತು, ಹಾಗಾಗಿ ಉತ್ತರ ಇದೆ ಅಂತ ಬರೆದಿದ್ದ. ಬಾರೋ ಹುಡುಕಿ ಕೊಡು ಅಂತ ಬೋರ್ಡಿಗೆ ಕರೆದೆ. 21ರಲ್ಲಿ 0 ಕಳೆದ, 1 ಕಳೆದ, 4, 9, 16 ಕಳೆದ, ಉಳಿದಿದ್ದು 21, 20, 17, 12, 5. ಒಂದೂ ವರ್ಗ ಅಲ್ಲ. ಸ್ವಲ್ಪ ಹೊತ್ತು ಬೋರ್ಡ್ ನೋಡ್ತಾ ನಿಂತು, "ಇದೆ" ಅನ್ನೋದನ್ನ ತಾನೇ ಒರೆಸಿದ.